ಡಾಕ್ಟರ್ ಗೋವಿಂದಸ್ವಾಮಿಯವರೂ ನಮ್ಮ ಸೀಮೆಯ ಮೂರ್ಛೆರೋಗಿಗಳೂ

ಮಿದುಳಿನ ಶಾಸ್ತ್ರದ ಮಾತು ಬಂದಾಗ ಸ್ಪೇನ್ ದೇಶದ ಕಹಾಲ್, ಇಂಗ್ಲೆಂಡಿನ ಶೆರಿಂಗ್‌ಟನ್, ಜರ್ಮನಿಯ ಬರ್ಗರ್ ಎಂದು ಪಾಶ್ಚಾತ್ಯ ಪಂಡಿತರ ಹೆಸರುಗಳನ್ನು ಹೇಳಿ ಮುಗಿಸುವದು ನಮ್ಮ ವಿದ್ಯಾವಂತರಲ್ಲಿ ರೂಢಿಯಾಗಿದೆ. ಅವರು ಪೂಜ್ಯರೆಂಬದರಲ್ಲಿ ಸಂದೇಹವಿಲ್ಲ. ಆದರೆ ಆ ಶಾಸ್ತ್ರಕ್ಕೆ ನಮ್ಮ ನಾಡಿನಲ್ಲಿಯೇ ನೆಲೆಯನ್ನು ಒದಗಿಸಿ, ಮನೋರೋಗದ ಚಿಕಿತ್ಸೆಯನ್ನೂ ಮಿದುಳಿನ ಶೋಧನೆಯನ್ನೂ ಒಂದೇ ಅಂಗಳಕ್ಕೆ ತಂದ ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರ ಹೆಸರನ್ನು ಎಷ್ಟು ಜನ ಬಲ್ಲರು? ೧೯೦೪ರಲ್ಲಿ ಹುಟ್ಟಿ ೧೯೬೧ರಲ್ಲಿ ತೀರಿಕೊಂಡ ಈ ಮಹನೀಯರನ್ನು ಬೆಂಗಳೂರಿನ ವೈದ್ಯರು ನೆನೆಯುತ್ತಾರೆ. ತುಂಗಭದ್ರೆಯ ಹಿನ್ನೀರಿನ ದಡದ ಹಂಪಸಾಗರದಲ್ಲಿ ಕೇಳಿದರೆ ಯಾರೂ ಅರಿಯರು. ಆದರೆ ಅವರು ನೆಟ್ಟ ಮರದ ಫಲವು ಭಾರತದ ಬೇರೆ ಯಾವ ಜಿಲ್ಲೆಗಿಂತಲೂ ಮೊದಲು ಬಂದು ಬಿದ್ದದ್ದು ನಮ್ಮ ಈ ಬಳ್ಳಾರಿ ಸೀಮೆಯಲ್ಲಿಯೇ ಎಂಬ ಸಂಗತಿಯನ್ನು ವಾಚಕ ಮಹಾಶಯರ ಗಮನಕ್ಕೆ ತರುವದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಬೆಂಗಳೂರಿನ ಹುಚ್ಚಾಸ್ಪತ್ರೆಯು ೧೮೪೭ರಷ್ಟು ಹಳೆಯದು. ಅದನ್ನು ನೆಲೆಗೊಳಿಸಿದವನು ಡಾಕ್ಟರ್ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ಆಂಗ್ಲ ವೈದ್ಯನು. ಆ ಕಾಲದಲ್ಲಿ ಇಂಥ ಮಂದಿರಗಳ ಮುಖ್ಯ ಉದ್ದೇಶವು ರೋಗಿಯನ್ನು ಗುಣಪಡಿಸುವದಕ್ಕಿಂತ ಊರನ್ನು ರೋಗಿಯಿಂದ ಕಾಪಾಡುವದಾಗಿತ್ತು. ೧೯೨೫ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆಯೆಂಬ ಹೆಸರು ಬಂದಿತು. ಹೆಸರು ಬದಲಾದರೆ ಏನಾಯಿತು ಎನ್ನುವವರುಂಟು. ಹೆಸರು ಬದಲಾದಾಗ ಕೆಲವೊಮ್ಮೆ ಮನಸ್ಸೂ ಬದಲಾಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಡಾಕ್ಟರ್ ಫ್ರಾಂಕ್ ನೊರೋನ್ಹಾರವರ ಪ್ರಯತ್ನದಿಂದ ಆಸ್ಪತ್ರೆಯು ಪೇಟೆಯ ಇಕ್ಕಟ್ಟಿನಿಂದ ಹೊರಬಿದ್ದು ಹೊಸೂರು ರಸ್ತೆಯ ವಿಶಾಲವಾದ ಬಯಲಿಗೆ ಬಂದಿತು. ೧೯೩೦ರ ದಶಕದ ಕೊನೆಯಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ಮುಖ್ಯಸ್ಥರಾದ ಎಡ್ವರ್ಡ್ ಮ್ಯಾಪೊದರ್ ಎಂಬವರು ಈ ದೇಶದ ಹುಚ್ಚಾಸ್ಪತ್ರೆಗಳನ್ನು ನೋಡುತ್ತ ಬಂದು, ಬ್ರಿಟಿಷ್ ಪ್ರಾಂತಗಳಲ್ಲಿಯ ಎಷ್ಟೋ ಆಸ್ಪತ್ರೆಗಳನ್ನು ಕಂಡು ಬೇಸರಪಟ್ಟವರು, ಬೆಂಗಳೂರಿನದನ್ನು ಮೆಚ್ಚಿದರು. ದೇಶೀಯ ಸಂಸ್ಥಾನವೊಂದು ಸಾಮ್ರಾಜ್ಯ ಸರಕಾರಕ್ಕಿಂತ ಮುಂದೆ ಹೋದ ಪ್ರಸಂಗವಿದು.

ನೊರೋನ್ಹಾರವರ ನಂತರ ಅಧಿಕಾರವನ್ನು ವಹಿಸಿಕೊಂಡವರು ಗೋವಿಂದಸ್ವಾಮಿಯವರು. ಮನಶ್ಶಾಸ್ತ್ರವನ್ನೂ ವೈದ್ಯವನ್ನೂ ಎರಡನ್ನೂ ಓದಿ, ಇಂಗ್ಲೆಂಡು ಅಮೇರಿಕಗಳಲ್ಲಿ ಮನೋವೈದ್ಯದ ವಿಶೇಷ ಶಿಕ್ಷಣವನ್ನು ಪಡೆದು ಮರಳಿದ್ದರು. ಇಂಥ ಪಂಡಿತರು ಆ ಕಾಲದಲ್ಲಿ ಇಡೀ ದೇಶದಲ್ಲಿಯೇ ಬೆರಳಿನಲ್ಲಿ ಎಣಿಸುವಷ್ಟಿದ್ದರು. ಹೊರದೇಶದಲ್ಲಿ ಕಲಿತು ಬಂದವರಲ್ಲಿ ಎರಡು ಬಗೆ. ಕಲಿತದ್ದನ್ನು ಬೆಳ್ಳಿಯ ತಟ್ಟೆಯಂತೆ ಕಪಾಟಿನಲ್ಲಿಟ್ಟು ಬಂದವರಿಗೆ ತೋರಿಸುವವರು ಒಂದು ಬಗೆ. ದಿನದ ಊಟಕ್ಕೆ ಅದನ್ನೇ ಬಳಸುವವರು ಇನ್ನೊಂದು. ಗೋವಿಂದಸ್ವಾಮಿಯವರು ಎರಡನೆಯ ಬಗೆಯವರು. ಯುರೋಪಿನಲ್ಲಿ ಯಾವ ಹೊಸ ಚಿಕಿತ್ಸೆ ಹೊರಟರೂ ಅದನ್ನು ಬೆಂಗಳೂರಿನಲ್ಲಿ ಪರೀಕ್ಷಿಸಿ, ಫಲವನ್ನು ಬರೆದಿಟ್ಟು, ಜಗತ್ತಿನ ವೈದ್ಯರ ಮುಂದೆ ಇಡುವದು ಅವರ ಪದ್ಧತಿಯಾಗಿತ್ತು.

ಆ ಚಿಕಿತ್ಸೆಗಳ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹಂಗೇರಿ ದೇಶದ ಮೆಡುನಾ ಎಂಬ ವೈದ್ಯನು ಮೂರ್ಛೆರೋಗಕ್ಕೂ ಉನ್ಮಾದಕ್ಕೂ ಪರಸ್ಪರ ವಿರೋಧವಿದೆಯೆಂದು ನಂಬಿ, ೧೯೩೪ರಲ್ಲಿ ಉನ್ಮಾದರೋಗಿಗಳಿಗೆ ಮೊದಲು ಕರ್ಪೂರದಿಂದ, ಅನಂತರ ಕಾರ್ಡಿಯಜೋಲ್ ಎಂಬ ಔಷಧಿಯಿಂದ ಮೂರ್ಛೆಯನ್ನು ಬೇಕೆಂದೇ ಬರಿಸಿದನು. ಗೋವಿಂದಸ್ವಾಮಿಯವರು ಅದನ್ನು ಬೆಂಗಳೂರಿನಲ್ಲಿ ಪ್ರಯೋಗಿಸಿ ೧೯೩೯ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಅಂದರೆ ನಮ್ಮ ಹಳ್ಳಿಗಳಲ್ಲಿ ಮೂರ್ಛೆ ಬಂದವನನ್ನು ದೆವ್ವ ಬಡಿದವನೆಂದು ದೂರವಿಡುತ್ತಿದ್ದ ಕಾಲದಲ್ಲಿ, ಬೆಂಗಳೂರಿನಲ್ಲಿ ಮದ್ದು ಚುಚ್ಚಿ ಅದೇ ಮೂರ್ಛೆಯನ್ನು ತರಿಸುತ್ತಿದ್ದರು! ಸೂಜಿ ಚುಚ್ಚಿದ ಮೇಲೆ ಎಚ್ಚರ ತಪ್ಪುವ ಮುಂಚಿನ ಕೆಲವು ಕ್ಷಣಗಳಲ್ಲಿ ರೋಗಿಗಳು ಹೇಳತೀರದ ಭೀತಿಯನ್ನು ಅನುಭವಿಸುತ್ತಿದ್ದರು. ೧೯೩೮ರಲ್ಲಿ ರೋಮ್ ನಗರದಲ್ಲಿ ವಿದ್ಯುಚ್ಚಿಕಿತ್ಸೆಯು ಹುಟ್ಟಿ ಕೆಲವೇ ವರ್ಷಗಳಲ್ಲಿ ಕಾರ್ಡಿಯಜೋಲನ್ನು ಮೂಲೆಗೊತ್ತಿತು.

ಎರಡನೆಯದು ಶಸ್ತ್ರಕ್ರಿಯೆ. ಪೋರ್ಚುಗಲ್ ದೇಶದ ಈಗಾಸ್ ಮೊನಿಜ್ ಎಂಬವನು ೧೯೩೫ರಲ್ಲಿ, ಮಿದುಳಿನ ಮುಂಭಾಗವನ್ನು ಉಳಿದ ಭಾಗಕ್ಕೆ ಜೋಡಿಸುವ ಬಿಳಿಯ ನರತಂತುಗಳನ್ನು ಕತ್ತರಿಸಿದರೆ ಉನ್ಮಾದವು ಶಮನವಾಗುವದೆಂದು ಸಾರಿದನು. ಅದಕ್ಕಾಗಿ ೧೯೪೯ರಲ್ಲಿ ನೊಬೆಲ್ ಪಾರಿತೋಷಕವನ್ನೂ ಪಡೆದನು. ಗೋವಿಂದಸ್ವಾಮಿಯವರು ಶಸ್ತ್ರವೈದ್ಯರಾದ ಬಾಲಕೃಷ್ಣರಾಯರೊಡನೆ ಕೂಡಿ ಈ ಶಸ್ತ್ರಕ್ರಿಯೆಯನ್ನು ಭಾರತೀಯ ರೋಗಿಗಳ ಮೇಲೆ ಮಾಡಿ ೧೯೪೪ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟಿಸಿದರು. ಯುದ್ಧದ ಕಾಲದಲ್ಲಿ ಬೆಂಗಳೂರಿನ ಇಬ್ಬರು ವೈದ್ಯರ ಕೆಲಸವು ಲಂಡನ್ನಿನಲ್ಲಿ ಅಚ್ಚಾದದ್ದು ಅಭಿಮಾನದ ಸಂಗತಿಯೆಂದು ಕೆಲವರು ಬರೆದಿದ್ದಾರೆ. ನಾವು ಹಾಗೆ ಬರೆಯಲಾರೆವು. ಆ ಕತ್ತರಿಯಿಂದ ರೋಗಿಗಳು ಶಾಂತರಾದದ್ದುಂಟು. ಆದರೆ ಅನೇಕರು ತಮ್ಮ ಉತ್ಸಾಹವನ್ನೂ ಸ್ವಭಾವವನ್ನೂ ಕಳೆದುಕೊಂಡು ಬೊಂಬೆಗಳಂತಾದರೆಂಬದು ಲೋಕದ ಎಲ್ಲ ಕಡೆಯ ಅನುಭವವು. ೧೯೫೨ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧಿಯು ಬಳಕೆಗೆ ಬಂದ ಮೇಲೆ ಕತ್ತರಿಯು ಕ್ರಮೇಣ ಕೆಳಗೆ ಬಿದ್ದಿತು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ಈಗ ರೋಗಿಯ ಸಮ್ಮತಿಯೂ ಮಂಡಳಿಯ ಅಪ್ಪಣೆಯೂ ಇಲ್ಲದೆ ಮನೋರೋಗಕ್ಕಾಗಿ ಮಿದುಳಿನ ಶಸ್ತ್ರಕ್ರಿಯೆಯನ್ನು ಮಾಡಕೂಡದೆಂದು ವಿಧಿಸಿದೆ. ಮದ್ದೇ ಇಲ್ಲದ ಕಾಲದಲ್ಲಿ, ಸರಪಳಿಗೆ ಬದಲಾಗಿ ಏನಾದರೊಂದನ್ನು ಹುಡುಕುತ್ತಿದ್ದ ವೈದ್ಯರ ಅವಸರವು ನಮಗೆ ಅರ್ಥವಾಗುತ್ತದೆ. ಆದರೂ ಆ ಅವಸರದ ಬೆಲೆಯನ್ನು ತೆತ್ತವರು, ಬಾಯಿ ಬಿಟ್ಟು ಬೇಡವೆನ್ನಲಾರದ ರೋಗಿಗಳು.

ಇಷ್ಟೇ ಆಗಿದ್ದರೆ ಗೋವಿಂದಸ್ವಾಮಿಯವರ ಹೆಸರು ಹಳೆಯ ಪತ್ರಿಕೆಗಳ ಪುಟಗಳಲ್ಲಿ ಉಳಿದುಹೋಗುತ್ತಿತ್ತು. ಅವರ ನಿಜವಾದ ದೊಡ್ಡಸ್ತಿಕೆಯಿರುವದು ಬೇರೆ ಕಡೆ. ೧೯೪೬ರಲ್ಲಿ ಭೋರ್ ಸಮಿತಿಯು ತನ್ನ ವರದಿಯನ್ನು ಕೊಟ್ಟಾಗ, ಸುಮಾರು ೪೦ ಕೋಟಿ ಜನರಿದ್ದ ಈ ದೇಶದಲ್ಲಿ ಮನೋರೋಗಿಗಳಿಗೆ ಇದ್ದ ಹಾಸಿಗೆಗಳು ಹತ್ತು ಸಾವಿರದಷ್ಟು ಮಾತ್ರ. ಹಾಸಿಗೆಗಳನ್ನು ಹೆಚ್ಚಿಸಬಹುದು, ಅವುಗಳ ಬಳಿ ನಿಲ್ಲಲು ವೈದ್ಯರೆಲ್ಲಿ? ಕಲಿಸುವ ಶಾಲೆಯೇ ಇಲ್ಲದಿದ್ದರೆ ಕಲಿತವರು ಎಲ್ಲಿಂದ ಬರಬೇಕು? ಕೇಂದ್ರ ಸರಕಾರವೂ ಮೈಸೂರು ಸರಕಾರವೂ ಕೂಡಿ, ೧೯೫೪ನೆಯ ದಶಂಬರ ೨೭ರಂದು ಬೆಂಗಳೂರಿನ ಆಸ್ಪತ್ರೆಯ ಮಗ್ಗುಲಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ತೆರೆದವು. ಗೋವಿಂದಸ್ವಾಮಿಯವರು ಅದರ ಮೊದಲನೆಯ ನಿರ್ದೇಶಕರಾದರು. ದಿಲ್ಲಿ, ಕಲಕತ್ತಾ, ಮುಂಬಯಿಗಳನ್ನು ಬಿಟ್ಟು ಇಡೀ ದೇಶದ ಮನೋವೈದ್ಯರ ವಿದ್ಯಾಪೀಠವು ಕನ್ನಡನಾಡಿಗೆ ಬಂದಿತೆಂದರೆ, ಹಿಂದಿನ ಹದಿನೈದು ವರ್ಷ ಇಲ್ಲಿ ನಡೆದ ಕೆಲಸವೇ ಅದಕ್ಕೆ ಕಾರಣವೆಂದು ನಮ್ಮ ಅಭಿಪ್ರಾಯವು. ವೈದ್ಯರು, ಮನಶ್ಶಾಸ್ತ್ರಜ್ಞರು, ದಾದಿಯರು ಈ ಮೂರು ವರ್ಗದವರಿಗೂ ಅಲ್ಲಿ ಶಿಕ್ಷಣವು ಆರಂಭವಾಯಿತು. ಮನಸ್ಸಿನ ರೋಗವನ್ನು ವೈದ್ಯನೊಬ್ಬನೇ ವಾಸಿಮಾಡಲಾರನೆಂಬ ತಿಳಿವಳಿಕೆಯು ಆ ವ್ಯವಸ್ಥೆಯಲ್ಲಿಯೇ ಅಡಗಿತ್ತು.

ಇನ್ನೊಂದು ಮಾತು. ಪಾಶ್ಚಾತ್ಯ ವಿದ್ಯೆಯಲ್ಲಿ ಇಷ್ಟು ಮುಳುಗಿದ್ದರೂ ಗೋವಿಂದಸ್ವಾಮಿಯವರು ಭಾರತೀಯ ದರ್ಶನಗಳನ್ನೂ ಆಯುರ್ವೇದವನ್ನೂ ಮನೋವೈದ್ಯದ ದೃಷ್ಟಿಯಿಂದ ಶೋಧಿಸಬೇಕೆಂದು ಬರೆದವರು. ಶೋಧಿಸಬೇಕೆಂದರು, ಸುಮ್ಮನೆ ಕೊಂಡಾಡಬೇಕೆನ್ನಲಿಲ್ಲ ಎಂಬದನ್ನು ನಮ್ಮ ಕೆಲವು ಮಿತ್ರರು ಗಮನಿಸಬೇಕು. ಚರಕಸಂಹಿತೆಯ ನಿದಾನಸ್ಥಾನದಲ್ಲಿ ಉನ್ಮಾದಕ್ಕೆ ಒಂದು ಅಧ್ಯಾಯವೂ ಅಪಸ್ಮಾರಕ್ಕೆ ಬೇರೊಂದು ಅಧ್ಯಾಯವೂ ಇವೆ. ಎರಡೂ ಬೇರೆ ಬೇರೆ ರೋಗಗಳೆಂದು ನಮ್ಮ ಪೂರ್ವಿಕರು ಕಂಡುಕೊಂಡಿದ್ದರು. ಸರ್ಪಗಂಧಿಯ ಬೇರು ಉನ್ಮಾದವನ್ನೂ ರಕ್ತದ ಒತ್ತಡವನ್ನೂ ತಗ್ಗಿಸುವದೆಂದು ೧೯೩೧ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸರು ಪ್ರಕಟಿಸಿದರು. ೧೯೫೨ರಲ್ಲಿ ಅದೇ ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ತೆಗೆದ ಮೇಲೆ ಲೋಕವು ಒಪ್ಪಿಕೊಂಡಿತು. ಇಪ್ಪತ್ತು ವರ್ಷ ತಡವಾಗಿ!

ಸಂಸ್ಥೆಯು ಬೆಳೆದ ಬಗೆಯನ್ನು ಚಿಕ್ಕದಾಗಿ ಹೇಳಿ ಮುಂದುವರಿಯುತ್ತೇವೆ. ಮಿದುಳಿನ ಶಸ್ತ್ರವೈದ್ಯರಾದ ಡಾಕ್ಟರ್ ಆರ್. ಮಾರ್ತಾಂಡವರ್ಮರು ಅಲ್ಲಿಗೆ ಬಂದು, ತಲೆಬುರುಡೆಯನ್ನು ತೆರೆಯದೆ ಕೆನ್ನೆಯ ಮಾರ್ಗವಾಗಿ ಸೂಜಿಯನ್ನು ಮಿದುಳಿನ ಆಳಕ್ಕೆ ಕಳಿಸಿ, ಪಾರ್ಕಿನ್ಸನ್ ರೋಗದ ಕಂಪವನ್ನು ತಗ್ಗಿಸುವ ತಮ್ಮದೇ ಆದ ಕ್ರಮವನ್ನು ರೂಪಿಸಿದರು. ೧೯೭೪ರ ದಶಂಬರ ೨೭ರಂದು, ಅಂದರೆ ಸರಿಯಾಗಿ ಇಪ್ಪತ್ತು ವರ್ಷಗಳ ತರುವಾಯ, ಹಳೆಯ ಆಸ್ಪತ್ರೆಯೂ ವಿದ್ಯಾಸಂಸ್ಥೆಯೂ ಒಂದಾಗಿ ಈಗಿನ ನಿಮ್ಹಾನ್ಸ್ ಆಯಿತು. ೨೦೧೨ರ ಕಾಯಿದೆಯು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಗಳ ಸಾಲಿಗೆ ಸೇರಿಸಿತು. ಅಲ್ಲಿಯ ಶೋಧನೆಗಳಲ್ಲಿ ನಮ್ಮ ವಾಚಕರಿಗೆ ಕೌತುಕವೆನಿಸುವದೊಂದುಂಟು. ತಲೆಯ ಮೇಲೆ ಬಿಸಿನೀರನ್ನು ಹೊಯ್ದುಕೊಳ್ಳುವಾಗಲೇ ಮೂರ್ಛೆ ಬರುವ ಒಂದು ರೋಗವು ಜಗತ್ತಿನಲ್ಲಿ ಅಪರೂಪವಾಗಿದ್ದರೂ ಕರ್ನಾಟಕದ ದಕ್ಷಿಣ ಭಾಗದಲ್ಲಿ ಹೇರಳವಾಗಿದೆ. ೧೯೬೦ರ ದಶಕದಿಂದ ನಮ್ಮ ವೈದ್ಯರು ಅದನ್ನು ವರ್ಣಿಸುತ್ತ ಬಂದರು; ೧೯೮೮ರಲ್ಲಿ ಡಾಕ್ಟರ್ ಸತೀಶ್‌ಚಂದ್ರ ಮೊದಲಾದವರು ೨೭೯ ರೋಗಿಗಳ ವಿವರವನ್ನು ಪ್ರಕಟಿಸಿದರು. ಹಂಡೆಯ ಕುದಿನೀರನ್ನು ತಂಬಿಗೆಯ ಮೇಲೆ ತಂಬಿಗೆ ತಲೆಗೆ ಸುರಿಯುವ ನಮ್ಮ ಎಣ್ಣೆಸ್ನಾನದ ಪದ್ಧತಿಯನ್ನು ಬಲ್ಲವರಿಗಲ್ಲದೆ ಬೇರೆಯವರಿಗೆ ಈ ರೋಗದ ಸುಳಿವು ಹತ್ತುವದು ಕಷ್ಟ. ತಣ್ಣೀರು ಬೆರೆಸಿ ಉಗುರುಬೆಚ್ಚಗೆ ಮಾಡಿಕೊಂಡರೆ ಎಷ್ಟೋ ಜನರಿಗೆ ಅಷ್ಟರಿಂದಲೇ ಗುಣವು ಕಾಣುತ್ತದೆ.

ಇನ್ನು ನಮ್ಮ ಸೀಮೆಯ ಮಾತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹಂಪಸಾಗರಗಳು ೧೯೫೩ರ ವರೆಗೆ ಮದರಾಸು ಆಧಿಪತ್ಯದಲ್ಲಿದ್ದವು. ಅಂದು ಮನೋರೋಗಿಯನ್ನು ಸರಕಾರದ ಆಸ್ಪತ್ರೆಗೆ ಒಯ್ಯಬೇಕಾದರೆ ಮದರಾಸಿನ ಕೀಲ್ಪಾಕಕ್ಕೆ ಹೋಗಬೇಕು. ಅಲ್ಲಿ ಕನ್ನಡದ ಮಾತು ತಿಳಿಯುವವರು ವಿರಳ. ಧಾರವಾಡದ ಆಸ್ಪತ್ರೆಯು ಹತ್ತಿರವಿದ್ದರೂ ಅದು ಮುಂಬಯಿ ಪ್ರಾಂತಕ್ಕೆ ಸೇರಿದ್ದು. ಬೆಂಗಳೂರಿನದು ಮೈಸೂರು ಸಂಸ್ಥಾನದ್ದು. ಒಂದೇ ಭಾಷೆಯ ಜನರನ್ನು ಹರಿದು ಹಂಚಿದ ಆಡಳಿತದಿಂದ ರೈತನ ಕಂದಾಯಕ್ಕೆ, ಹುಡುಗನ ಶಾಲೆಗೆ ಆದ ಹಾನಿಯನ್ನು ಏಕೀಕರಣದ ಹೋರಾಟಗಾರರು ಸಾಕಷ್ಟು ಬಣ್ಣಿಸಿದ್ದಾರೆ. ಚಿತ್ತ ಕೆಟ್ಟವನು ತನ್ನ ದುಃಖವನ್ನು ತಿಳಿಯದ ಭಾಷೆಯ ವೈದ್ಯನ ಮುಂದೆ ಹೇಗೆ ತೋಡಿಕೊಂಡಾನು ಎಂಬದನ್ನು ಯಾರೂ ಬರೆದಂತೆ ಕಾಣೆವು. ಆದುದರಿಂದ ಹೋಗುವವರೇ ಇರಲಿಲ್ಲ. ತಾಯಿತ, ಬೇವಿನ ಸೊಪ್ಪು, ಅಮಾವಾಸ್ಯೆಯ ಹರಕೆ, ಕೊನೆಗೆ ಹಟ್ಟಿಯ ಕಂಬ, ಇವೇ ಚಿಕಿತ್ಸೆ. ಮೂರ್ಛೆ ಬಂದವನ ಕೈಯಲ್ಲಿ ಕಬ್ಬಿಣದ ಬೀಗದಕೈಯನ್ನು ತುರುಕುವದನ್ನೂ ಮೂಗಿಗೆ ಈರುಳ್ಳಿಯನ್ನೋ ಚಪ್ಪಲಿಯನ್ನೋ ಹಿಡಿಯುವದನ್ನೂ ನೋಡದ ವಾಚಕರು ಇಂದಿಗೂ ಇಲ್ಲ. ಮೂರ್ಛೆಯು ಸಾಮಾನ್ಯವಾಗಿ ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುವದರಿಂದ ಕೀರ್ತಿಯು ಬೀಗದಕೈಗೆ ಸಲ್ಲುತ್ತದೆ!

ಇಂಥ ಸೀಮೆಯನ್ನೇ ನಿಮ್ಹಾನ್ಸಿನವರು ೧೯೮೫ರಲ್ಲಿ ಆರಿಸಿಕೊಂಡರು. ರೋಗಿಯು ಬೆಂಗಳೂರಿಗೆ ಬರಲೆಂದು ಕಾಯುವದರಲ್ಲಿ ಅರ್ಥವಿಲ್ಲವೆಂಬ ವಿಚಾರವು ಅಲ್ಲಿ ೧೯೭೫ರಿಂದಲೇ ಬೇರೂರಿತ್ತು. ಬೆಂಗಳೂರಿನ ಬಳಿಯ ಸಕಲವಾರ ಎಂಬ ಹಳ್ಳಿಯಲ್ಲಿ ಪ್ರಯೋಗವೂ ನಡೆದಿತ್ತು. ಆದರೆ ರಾಜಧಾನಿಯ ಮಗ್ಗುಲಲ್ಲಿ ಸಾಧ್ಯವಾದದ್ದು ದೂರದ ಜಿಲ್ಲೆಯಲ್ಲಿ ಸಾಧ್ಯವೆ? ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಎಂಟು ತಾಲ್ಲೂಕುಗಳು, ಸುಮಾರು ೧೫ ಲಕ್ಷ ಜನರು, ಬೆಂಗಳೂರಿನಿಂದ ಮುನ್ನೂರು ಕಿಲೋಮೀಟರಿನಷ್ಟು ದೂರ. ಡಾಕ್ಟರ್ ಶ್ರೀನಿವಾಸಮೂರ್ತಿ, ಡಾಕ್ಟರ್ ಮೋಹನ ಐಸಾಕ್ ಮೊದಲಾದವರು ರೂಪಿಸಿದ ಯೋಜನೆಯು ಬಹಳ ಸರಳವಾದದ್ದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯನಿಗೂ ಮನೆಮನೆಗೆ ಹೋಗುವ ಆರೋಗ್ಯ ಸಹಾಯಕರಿಗೂ ಉನ್ಮಾದ, ಖಿನ್ನತೆ, ಮೂರ್ಛೆರೋಗ, ಬುದ್ಧಿಮಾಂದ್ಯ ಇವುಗಳನ್ನು ಗುರುತಿಸುವದನ್ನು ಕಲಿಸಿದರು. ಐದಾರು ಬಗೆಯ ಮಾತ್ರೆಗಳನ್ನು ಕೇಂದ್ರಗಳಲ್ಲಿಯೇ ಇಟ್ಟರು. ಕಠಿಣವಾದ ರೋಗಿಗಳಿಗಾಗಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರೊಬ್ಬರನ್ನೂ ಕೆಲವು ಹಾಸಿಗೆಗಳನ್ನೂ ಇರಿಸಿದರು. ಕಟ್ಟಡವಿಲ್ಲ, ಉದ್ಘಾಟನೆಯ ಕಲ್ಲಿಲ್ಲ. ಐದು ವರ್ಷ ನಡೆಯಿತು. ೧೯೯೬ರಲ್ಲಿ ಕೇಂದ್ರ ಸರಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿದಾಗ ಅದಕ್ಕೆ ಅಚ್ಚಾದದ್ದು ಇದೇ 'ಬಳ್ಳಾರಿ ಮಾದರಿ'. ಈಗ ಆ ಕಾರ್ಯಕ್ರಮವು ೭೦೦ಕ್ಕೆ ಮೀರಿದ ಜಿಲ್ಲೆಗಳಿಗೆ ಹಬ್ಬಿದೆ. ಬಳ್ಳಾರಿಯೆಂದರೆ ಬಿಸಿಲು, ಗಣಿ, ಧೂಳು ಎಂದು ನಗುವವರಿಗೆ ಈ ಸಂಗತಿಯನ್ನು ಹೇಳಿ ತೋರಿಸಬೇಕು.

ಬಳ್ಳಾರಿಯ ಪ್ರಯೋಗದಲ್ಲಿ ಮೂರ್ಛೆರೋಗವನ್ನೂ ಸೇರಿಸಿಕೊಂಡದ್ದು ಯೋಚಿಸಬೇಕಾದ ಅಂಶವು. ಅದು ಮಿದುಳಿನ ರೋಗ, ಹುಚ್ಚಲ್ಲ. ಆದರೆ ಜನರು ಎರಡಕ್ಕೂ ಒಂದೇ ಬಾಗಿಲನ್ನು ತಟ್ಟುತ್ತಿದ್ದರು; ಮಿದುಳು ಮನಸ್ಸುಗಳೆರಡನ್ನೂ ಒಂದೇ ಮನೆಯಲ್ಲಿಟ್ಟು ಬೆಳೆದ ಸಂಸ್ಥೆಯಾದುದರಿಂದ ನಿಮ್ಹಾನ್ಸು ಒಂದೇ ಬಾಗಿಲಿನಲ್ಲಿ ಇಬ್ಬರಿಗೂ ಮದ್ದು ಕೊಡಬಲ್ಲುದಾಯಿತು. ಅಲ್ಲಿಯ ಡಾಕ್ಟರ್ ಗೌರಿದೇವಿಯವರೂ ಅವರ ಸಂಗಡಿಗರೂ ಬೆಂಗಳೂರಿನ ಸುತ್ತಿನ ನಗರ ಗ್ರಾಮಗಳಲ್ಲಿ ಲಕ್ಷಕ್ಕೆ ಮೀರಿದ ಜನರನ್ನು ಮನೆಮನೆಗೆ ಹೋಗಿ ಪರೀಕ್ಷಿಸಿ ೨೦೦೪ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ನಗರದಲ್ಲಿ ಸಾವಿರಕ್ಕೆ ೫.೭ ಮಂದಿಗೆ ಮೂರ್ಛೆರೋಗವಿದ್ದರೆ ಹಳ್ಳಿಗಳಲ್ಲಿ ೧೧.೯ ಮಂದಿಗೆ ಇದ್ದಿತು. ರೋಗವು ಹಳ್ಳಿಯಲ್ಲಿ ಎರಡು ಪಟ್ಟು, ವೈದ್ಯರೆಲ್ಲ ನಗರದಲ್ಲಿ. ಐದು ಸಾವಿರ ಜನರ ಊರಿನಲ್ಲಿ ಐವತ್ತು ಅರವತ್ತು ಮಂದಿಯೆಂದಾಯಿತು. ಅವರೆಲ್ಲಿದ್ದಾರೆಂದು ಕೇಳಿದರೆ ಯಾರೂ ತೋರಿಸರು, ಏಕೆಂದರೆ ಮಗಳ ಮದುವೆಯ ಯೋಚನೆಯಿಂದ ಮನೆಯವರು ಬಚ್ಚಿಡುತ್ತಾರೆ. ಅವರನ್ನು ದೂಷಿಸಿ ಫಲವಿಲ್ಲ; ೧೯೭೬ರಿಂದ ೧೯೯೯ರ ವರೆಗೆ ಹಿಂದೂ ವಿವಾಹದ ಕಾಯಿದೆಯೇ ಪದೇ ಪದೇ ಮೂರ್ಛೆ ಬರುವವರನ್ನು ಮದುವೆಗೆ ಅನರ್ಹರೆಂದು ಹೇಳುತ್ತಿತ್ತು. ಕಾಯಿದೆಯಿಂದ ಆ ಶಬ್ದವನ್ನು ತೆಗೆದು ಇಷ್ಟು ವರ್ಷಗಳಾದರೂ ಜನರ ಮನಸ್ಸಿನಿಂದ ಅದು ಹೋಗಿಲ್ಲ.

ಮೂರ್ಛೆರೋಗಕ್ಕೆ ಫಿನೊಬಾರ್ಬಿಟೋನ್ ಮಾತ್ರೆಯು ೧೯೧೨ರಿಂದಲೂ, ಫಿನಿಟಾಯಿನ್ ಮಾತ್ರೆಯು ೧೯೩೮ರಿಂದಲೂ ಬಳಕೆಯಲ್ಲಿವೆ. ಎರಡೂ ಅಗ್ಗವಾದವು. ಡಾಕ್ಟರ್ ಕೆ. ಎಸ್. ಮಣಿಯವರು ಯಳಂದೂರು ತಾಲ್ಲೂಕಿನ ಹಳ್ಳಿಗರಿಗೆ ಇವೆರಡನ್ನೇ ಕೊಟ್ಟು, ಹಳ್ಳಿಯಲ್ಲಿದ್ದುಕೊಂಡೇ ರೋಗವನ್ನು ಹತೋಟಿಗೆ ತರಬಹುದೆಂದು ೨೦೦೧ರಲ್ಲಿ 'ಲ್ಯಾನ್ಸೆಟ್'ನಲ್ಲಿಯೇ ತೋರಿಸಿಕೊಟ್ಟರು. ಆದರೆ ಈ ಮಾತ್ರೆಗಳ ಸ್ವಭಾವವೊಂದನ್ನು ಅಧಿಕಾರಿಗಳೂ ರೋಗಿಯ ಮನೆಯವರೂ ಚೆನ್ನಾಗಿ ತಿಳಿದಿರಬೇಕು. ದಿನವೂ ತೆಗೆದುಕೊಳ್ಳುವವನಿಗೆ ಮಾತ್ರೆಯು ಒಮ್ಮಿಂದೊಮ್ಮೆಗೆ ನಿಂತರೆ, ಮೊದಲಿಗಿಂತ ಭೀಕರವಾದ ಮೂರ್ಛೆಗಳು ಒಂದರ ಮೇಲೊಂದು ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಆದುದರಿಂದ ಔಷಧಾಲಯದ ಕಿಟಕಿಯಲ್ಲಿ "ಮಾತ್ರೆ ಮುಗಿದಿದೆ, ಮುಂದಿನ ತಿಂಗಳು ಬಾ" ಎಂಬ ಉತ್ತರವು ಕೆಮ್ಮಿನ ರೋಗಿಗೆ ಬರಿಯ ತೊಂದರೆಯಾದರೆ, ಮೂರ್ಛೆಯ ರೋಗಿಗೆ ಮರಣದ ಮಾತಾಗಬಹುದು. ಬರುವ ಹೊಲದ ಕೂಲಿಯನ್ನು ಬಿಟ್ಟು ಬಂದವಳು ಬರಿಗೈಯಲ್ಲಿ ಹೋದರೆ ಮರುತಿಂಗಳು ಬರುವಳೆಂಬ ಭರವಸೆಯೇನು? ಅವಳು ಮತ್ತೆ ಮಂತ್ರವಾದಿಯ ಬಾಗಿಲಿಗೆ ಹೋದಾಗ ಮೂಢನಂಬಿಕೆಯೆಂದು ನಾವು ಭಾಷಣ ಮಾಡುತ್ತೇವೆ.

ಮಂತ್ರವಾದಿಯ ಬಾಗಿಲಿನ ಆಚೆಗೆ ಏನಿದೆಯೆಂಬದನ್ನು ೨೦೦೧ರ ಆಗಸ್ಟ್ ೬ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದೇಶವು ಕಂಡಿತು. ಅಲ್ಲಿ ಬೆಂಕಿ ಹತ್ತಿದಾಗ ಸರಪಳಿಯಲ್ಲಿ ಬಿಗಿದಿದ್ದ ೨೮ ಮನೋರೋಗಿಗಳು ಓಡಲಾರದೆ ಸುಟ್ಟುಹೋದರು. ೨೦೧೭ರ ಕಾಯಿದೆಯ ೯೫ನೆಯ ಕಲಮು ಮನೋರೋಗಿಯನ್ನು ಯಾವ ರೀತಿಯಿಂದಲೂ ಸರಪಳಿಯಲ್ಲಿ ಕಟ್ಟಕೂಡದೆಂದು ಹೇಳುತ್ತದೆ. ಆದರೆ ಸರಪಳಿಯನ್ನು ಬಿಚ್ಚುವದು ಕಲಮಿನಿಂದಲ್ಲ, ಮಾತ್ರೆಯಿಂದ. ನಿಮ್ಹಾನ್ಸಿನವರೇ ೨೦೧೫-೧೬ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯು, ಪ್ರಾಯದವರಲ್ಲಿ ಹತ್ತರಲ್ಲಿ ಒಬ್ಬರಿಗಾದರೂ ಯಾವದಾದರೊಂದು ಮನೋವ್ಯಾಧಿಯಿದೆಯೆಂದೂ, ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆಯೇ ದೊರೆತಿಲ್ಲವೆಂದೂ ತಿಳಿಸಿತು. ಬಳ್ಳಾರಿಯ ಪ್ರಯೋಗವಾಗಿ ಮೂವತ್ತು ವರ್ಷಗಳಾದ ಮೇಲಿನ ಲೆಕ್ಕವಿದು!

೨೦೨೧ರಲ್ಲಿ ನಮ್ಮ ತಾಲ್ಲೂಕುಗಳು ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಜಿಲ್ಲೆಯಾದವು. ಹೊಸ ಜಿಲ್ಲೆಯು ಕಚೇರಿಗಳನ್ನು ಹಂಚಿಕೊಂಡಂತೆ ಹಳೆಯ ಜಿಲ್ಲೆಯ ಈ ಕೀರ್ತಿಯ ಭಾರವನ್ನೂ ಹಂಚಿಕೊಳ್ಳಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರನ್ನು ಕೂಡ್ರಿಸುವ 'ಮನೋಚೈತನ್ಯ' ಎಂಬ ಏರ್ಪಾಡನ್ನು ರಾಜ್ಯ ಸರಕಾರವು ಮಾಡಿದೆ. ೨೦೨೨ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯಿದ್ದು, ೧೪೪೧೬ ಎಂಬ ಸಂಖ್ಯೆಗೆ ಕರೆದರೆ ಕನ್ನಡದಲ್ಲಿಯೇ ಸಲಹೆಯು ದೊರೆಯುತ್ತದೆ. ಒಳ್ಳೆಯವೇ. ಈ ಸಂಖ್ಯೆಯನ್ನು ಪ್ರತಿಯೊಂದು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೂ ಬಸ್ಸಿನ ನಿಲ್ದಾಣದಲ್ಲಿಯೂ ದಪ್ಪ ಅಕ್ಷರಗಳಲ್ಲಿ ಬರೆಸುವದಕ್ಕೆ ಒಂದು ಡಬ್ಬಿ ಬಣ್ಣದ ಹೊರತು ಬೇರೆ ವೆಚ್ಚವಿಲ್ಲ.

ಜಿಲ್ಲೆಯ ಆರೋಗ್ಯಾಧಿಕಾರಿಗಳಲ್ಲಿ ನಮ್ಮ ಬಿನ್ನಹವು ಒಂದೇ. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಂಗಳ ಮೊದಲನೆಯ ದಿನ ಫಿನೊಬಾರ್ಬಿಟೋನ್ ಮತ್ತು ಫಿನಿಟಾಯಿನ್ ಮಾತ್ರೆಗಳು ಎಷ್ಟಿವೆ, ಎಷ್ಟು ಜನ ರೋಗಿಗಳಿಗೆ ಎಷ್ಟು ದಿನಗಳಿಗೆ ಸಾಲುವವೆಂಬ ಪಟ್ಟಿಯನ್ನು ಕೇಂದ್ರದ ಬಾಗಿಲಿಗೆ ಅಂಟಿಸಲಿ. ರೋಗಿಗಳ ಹೆಸರುಗಳು ಬೇಡ, ಸಂಖ್ಯೆಗಳು ಸಾಕು. ಅದರ ಪ್ರತಿಯನ್ನು ನಮಗೆ ಕಳಿಸಿಕೊಟ್ಟರೆ ತಿಂಗಳು ತಿಂಗಳೂ ಇದೇ ಪುಟದಲ್ಲಿ ಶುಲ್ಕವಿಲ್ಲದೆ ಅಚ್ಚು ಹಾಕಲು ನಾವು ಸಿದ್ಧರಿದ್ದೇವೆ.